ಓಡಿ ಬಂದ ಹಸು ಹಾಲು ಏಕೆ ಇಳಿಬಿಡುವುದಿಲ್ಲ?



ಕಳೆದ ತಿಂಗಳು ಒಂದು ಸಂಜೆ ದೊಡ್ಡನೆಕ್ಕುಂದಿಯಿಂದ ಫೋನು ಬಂತು. "ಡಾಕ್ಟ್ರೇ, ದಿನಾ ಸಂಜೆ ಆರು ಲೀಟರ್ ಕೊಡೋ ಹಸು ಇವತ್ತು ಎರಡಕ್ಕೇ ನಿಂತುಬಿಟ್ಟಿದೆ. ಕೆಚ್ಚಲು ನೋಡಿದ್ರೆ ತುಂಬಿದೆ. ಮನೇಲಿ ಹಾಲು ಇಳಿಸೋ ಇಂಜೆಕ್ಷನ್ ಇದೆ, ಹಾಕಿಬಿಡ್ಲಾ?" ಎಂದರು ಮನೆಯ ಹಿರಿಯ ಹೆಂಗಸು. "ಬೇಡಮ್ಮ, ಬರ್ತೀನಿ ಇರಿ" ಎಂದೆ. ಹೋಗಿ ನೋಡಿದರೆ ಜ್ವರವಿಲ್ಲ, ಕೆಚ್ಚಲು ಬಾವಿಲ್ಲ. ಆದರೆ ಹಸು ಕಿವಿ ನಿಮಿರಿಸಿಕೊಂಡು ಬಾಗಿಲ ಕಡೆಯೇ ನೋಡುತ್ತಿತ್ತು. ವಿಚಾರಿಸಿದಾಗ ವಿಷಯ ಹೊರಬಂತು. ಕೆರೆ ಕಡೆ ಮೇಯಲು ಹೋಗಿದ್ದಾಗ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಿದ್ದವು. ಡೇರಿಗೆ ಹೊತ್ತಾಯಿತೆಂದು ಕಟ್ಟಿದ ಐದೇ ನಿಮಿಷಕ್ಕೆ ಹಿಂಡಲು ಕೂತಿದ್ದಾರೆ.

ಹಸು ಹಟ ಮಾಡಿದ್ದಲ್ಲ. ಅದರ ಮೈಯೊಳಗಿನ ಗ್ರಂಥಿಗಳು ಓಟದ ಕೆಲಸದಲ್ಲಿದ್ದವು.

ಜೊಲ್ಲಿನ ಗ್ರಂಥಿಗೆ ನಾಳವಿದೆ, ಜೊಲ್ಲು ಅದರ ಮೂಲಕ ಬಾಯಿಗೆ ಬರುತ್ತದೆ. ನಾಳವೇ ಇಲ್ಲದೆ ತಮ್ಮ ರಸವನ್ನು ನೇರ ರಕ್ತಕ್ಕೆ ಬಿಡುವ ಗ್ರಂಥಿಗಳೂ ಇವೆ. ಇವು ನಿರ್ನಾಳ ಗ್ರಂಥಿಗಳು, ಆ ರಸವೇ ಹಾರ್ಮೋನು. ನೀವು ಬಸ್ಸು ಹಿಡಿಯಲು ಓಡಿದಾಗ ಎದೆ ಡವಡವ ಅನ್ನುತ್ತದಲ್ಲ, ಅದರ ಹಿಂದೆ ಮೂತ್ರಪಿಂಡಗಳ ಬಳಿಯಿರುವ ಅಡ್ರಿನಲ್ ಗ್ರಂಥಿಯ ಕೈವಾಡವಿದೆ. ಹಸುವಿಗೂ ಹಾಗೆಯೇ. ಓಟ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿ ಹೃದಯದ ಬಡಿತ ಏರಿಸುತ್ತದೆ, ಹೊಟ್ಟೆ-ಕೆಚ್ಚಲಿನ ಕಡೆಯ ರಕ್ತನಾಳ ಬಿಗಿದು ಕಾಲಿನ ಮಾಂಸಖಂಡಗಳಿಗೆ ರಕ್ತ ತಿರುಗಿಸುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ತಗ್ಗಿಸಿ ಗ್ಲುಕಗಾನ್ ಹೆಚ್ಚಿಸುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಡ್ರಿನಲ್‌ನ ಹೊರಪದರದಿಂದ ಕಾರ್ಟಿಸಾಲ್ ಬರುತ್ತದೆ. ಅದು ನಿಧಾನಕ್ಕೆ ಬಂದು ನಿಧಾನಕ್ಕೇ ಹೋಗುವ ನೆಂಟ.

ಮನುಷ್ಯರಿಗಿಂತ ಹಸುವಿಗೆ ಇಲ್ಲಿ ಕಷ್ಟ ಹೆಚ್ಚು. ಮೇವಿನಿಂದ ನೇರವಾಗಿ ರಕ್ತಕ್ಕೆ ಸೇರುವ ಸಕ್ಕರೆ ತೀರಾ ಕಡಿಮೆ. ಹೊಟ್ಟೆಯಲ್ಲಿ ಹುದುಗಿ ಬಂದ ಆಮ್ಲದಿಂದ ಯಕೃತ್ತೇ ಅದನ್ನು ತಯಾರಿಸಬೇಕು. ಕರಾವಿನ ಹಸುವಿನಲ್ಲಿ ಅದರ ಬಹುಪಾಲು ಹಾಲಿಗೇ ಬೇಕು. ಓಡುವ ಕಾಲು ಅದರಲ್ಲಿ ಪಾಲು ಕೇಳುತ್ತದೆ.

ಈಗ ಕೆಚ್ಚಲಿಗೆ ಬರೋಣ. ಹಿಂಡುವ ಮೊದಲು ಕೆಚ್ಚಲಿನಲ್ಲಿರುವ ಹಾಲಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ತೊಟ್ಟಿನ ಮೇಲಿನ ಚೀಲದಲ್ಲಿ ಸಿದ್ಧವಾಗಿರುತ್ತದೆ. ಉಳಿದದ್ದು ಮೇಲೆ ಸಣ್ಣ ಸಣ್ಣ ಗೂಡುಗಳಲ್ಲಿ. ಅದನ್ನು ಕೆಳಗಿಳಿಸುವುದು ಆಕ್ಸಿಟೋಸಿನ್. ಕೆಚ್ಚಲು ತೊಳೆದು ಒರೆಸಿ, ತೊಟ್ಟು ಮುಟ್ಟಿದ ಸುಮಾರು ಒಂದು ನಿಮಿಷದಲ್ಲಿ ಮೆದುಳಿನ ಬುಡದ ಪಿಟ್ಯುಟರಿಯಿಂದ ಬರುತ್ತದೆ, ಐದಾರು ನಿಮಿಷದಲ್ಲಿ ಅದರ ಪ್ರಭಾವ ಇಳಿಯುತ್ತದೆ. ಬೆದರಿದ ಹಸುವಿನಲ್ಲಿ ಅದು ಬಿಡುಗಡೆಯೇ ಆಗುವುದಿಲ್ಲ. ಅಲ್ಪಸ್ವಲ್ಪ ಆದರೂ ಅಡ್ರಿನಲಿನ್ ಅಡ್ಡಗಟ್ಟುತ್ತದೆ. ಆ ಸಂಜೆ ಬಂದ ಎರಡು ಲೀಟರಿನಲ್ಲಿ ಬಹುಪಾಲು ಚೀಲದ ಹಾಲು.

1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿ, ಪಕ್ಕದಲ್ಲಿ ಕಾಗದದ ಚೀಲ ಊದಿ ಒಡೆದು ಬೆದರಿಸಿದರೆ ಹಾಲು ಇಳಿಯಲಿಲ್ಲ. ಬೆದರಿಸದೆ ಅಡ್ರಿನಲಿನ್ ಚುಚ್ಚಿದಾಗಲೂ ಹಾಗೆಯೇ ಆಯಿತು. ನಮ್ಮಲ್ಲಿ ಬೆಕ್ಕು ಬೇಕಿಲ್ಲ. ದೀಪಾವಳಿಯ ಪಟಾಕಿ ಇದೆ, ಸಂಕ್ರಾಂತಿಗೆ ಕಿಚ್ಚು ಹಾಯಿಸುವುದಿದೆ. ಕಿಚ್ಚು ಹಾಯಿಸಬೇಡಿ ಎಂದರೆ ನೀವು ಕೇಳುವವರಲ್ಲ, ನನಗೆ ಗೊತ್ತು. ಕರಾವಿನ ಹಸುವನ್ನಾದರೂ ಮೊದಲೇ ಹಿಂಡಿಕೊಂಡುಬಿಡಿ.

ಇಂಜೆಕ್ಷನ್ ಹಾಕಿದರೆ ಹಾಲು ಇಳಿಯುತ್ತದೆ, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ದಿನಾ ಹಾಕುತ್ತಾ ಹೋದರೆ ಹಸುವಿನ ಸ್ವಂತ ಆಕ್ಸಿಟೋಸಿನ್‌ಗೆ ಕೆಚ್ಚಲು ಓಗೊಡುವುದೇ ಕಡಿಮೆಯಾಗುತ್ತದೆ. ಆಮೇಲೆ ಸೂಜಿಯಿಲ್ಲದೆ ಹಾಲಿಲ್ಲ. ಆರೋಗ್ಯಕ್ಕೆ ಹಾನಿಯಾಗುವಂತೆ ಹಾಲಿಗಾಗಿ ಸೂಜಿ ಚುಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಡಿ ಅಪರಾಧವೂ ಹೌದು. ಹೆರಿಗೆಯಲ್ಲಿ ತಾಯಂದಿರ ರಕ್ತಸ್ರಾವ ನಿಲ್ಲಿಸುವ ಔಷಧಿ ಅದು, ಕೊಟ್ಟಿಗೆಯ ಗೂಡಿನಲ್ಲಿ ಇಡುವಂಥದ್ದಲ್ಲ.

ಹಾಗಂತ ಹಸುವನ್ನು ಗೂಟಕ್ಕೇ ಕಟ್ಟಿಹಾಕಿ ಎನ್ನುತ್ತಿಲ್ಲ. ನಿಧಾನದ ನಡಿಗೆಯಲ್ಲಿ ಅಡ್ರಿನಲಿನ್ ಇಷ್ಟು ಉಕ್ಕುವುದಿಲ್ಲ. ಗೊರಸು ಚೆನ್ನಾಗಿರುತ್ತದೆ, ಬೆದೆ ಬಂದದ್ದೂ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮ ಕಡೆ ತೊಂದರೆ ಇರುವುದು ರಿಂಗ್ ರೋಡಿನ ಹಾರ್ನು, ನಾಯಿ ಮತ್ತು ಹಿಂದಿನಿಂದ ಬೀಳುವ ಕೋಲಿನಲ್ಲಿ. ಓಡಿ ಬಂದ ಹಸುವಿಗೆ ನೆರಳು ಕೊಡಿ, ನೀರಿಡಿ, ಕನಿಷ್ಠ ಅರ್ಧ ಗಂಟೆ ಬಿಡಿ. ಮೆಲುಕು ಹಾಕಲು ಶುರುಮಾಡಿದರೆ ಶಾಂತವಾಗಿದೆ ಎಂದರ್ಥ. ಆಮೇಲೆ ಕೆಚ್ಚಲು ತೊಳೆದು ಹಿಂಡಿ. ಅರ್ಧ ಹಿಂಡಿ ಬಿಟ್ಟರೆ ಒಳಗುಳಿಯುವುದು ಹೆಚ್ಚು ಜಿಡ್ಡಿರುವ ಕೊನೆಯ ಹಾಲು. ಫ್ಯಾಟ್ ಕಡಿಮೆ ಬಂತೆಂದು ಪರೀಕ್ಷೆ ಮಾಡುವವರ ಮೇಲೆ ರೇಗುವ ಮುನ್ನ ಇದನ್ನೂ ಯೋಚಿಸಿ. ಹಾಲು ಉಳಿದ ಕೆಚ್ಚಲಿಗೆ ಬಾವು ಬರುವ ಭಯವೂ ಹೆಚ್ಚು.

ಆ ಮನೆಯಲ್ಲಿ ಮುಕ್ಕಾಲು ಗಂಟೆ ಕಾದೆವು. ಹಸು ನೀರು ಕುಡಿದು ಮೆಲುಕು ಹಾಕತೊಡಗಿತು. ಅಮ್ಮನವರೇ ಕೂತು ಹಿಂಡಿದರು, ಮೂರೂವರೆ ಲೀಟರ್ ಇಳಿಯಿತು. ಅಷ್ಟು ಹೊತ್ತಿಗೆ ಡೇರಿಯ ಬಾಗಿಲು ಮುಚ್ಚಿತ್ತು. ಹಾಲು ಮೊಮ್ಮಕ್ಕಳ ಪಾಲಾಯಿತು, ನನಗೂ ಒಂದು ಲೋಟ ಕಾಫಿ ಸಿಕ್ಕಿತು. ಈಗ ಆ ಹಸು ಸಂಜೆ ನಾಲ್ಕಕ್ಕೇ ಕೊಟ್ಟಿಗೆ ಸೇರುತ್ತಿದೆ.