ಗಿರಿಸಾಲಿನ ಒಂಟಿ ನಡಿಗೆ: ಹಿಂತಿರುಗುವ ಹೊತ್ತು ಮನೆಯಲ್ಲೇ ಗೊತ್ತುಮಾಡಿ

ದಾವಣಗೆರೆ, ಹರಿಹರದ ಸುತ್ತ ಬಯಲೇ ಹೆಚ್ಚು. ಭದ್ರಾ ನಾಲೆಯ ಗದ್ದೆ, ಮೆಕ್ಕೆಜೋಳದ ಹೊಲ ದಾಟಿದರೆ ಕೊಂಡಜ್ಜಿಯ ಗುಡ್ಡ, ಉಚ್ಚಂಗಿದುರ್ಗದ ಕೋಟೆಬೆಟ್ಟ, ಮುಂದೆ ಚಿತ್ರದುರ್ಗದ ಬಂಡೆಬೆಟ್ಟಗಳು ಸಿಗುತ್ತವೆ. ಶಿಖರದಿಂದ ಶಿಖರಕ್ಕೆ ದಿನವಿಡೀ ನಡೆಯಬೇಕೆಂದರೆ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿಗೆ ಹೋಗಬೇಕು. ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಯ ಕಡೆಗೆ. ಒಬ್ಬರೇ ಹೊರಡುವವರು ಶೂ, ಬ್ಯಾಗಿನ ಬಗ್ಗೆ ಹತ್ತು ಜನರನ್ನು ಕೇಳುತ್ತಾರೆ, ಹೊತ್ತಿನ ಲೆಕ್ಕ ಮಾತ್ರ ಹಾಕುವುದಿಲ್ಲ. ಜೊತೆಗೆ ಯಾರೂ ಇಲ್ಲದಾಗ ಜೀವ ಕಾಯುವುದು ಆ ಲೆಕ್ಕವೇ.

ಲೆಕ್ಕ ಸರಳ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ. ದಾರಿ, 600 ಮೀಟರ್ ಏರು ಎಂದರೆ ಹೆಚ್ಚುಕಡಿಮೆ ಮೂರೂವರೆ ಗಂಟೆ. ಅದು ತಂಪು ಸೀಮೆಯ, ಗಟ್ಟಿ ಕಾಲಿನವರ ಲೆಕ್ಕ. ನಮ್ಮ ಬಿಸಿಲಿಗೆ ಅದರ ಒಂದೂವರೆ ಪಟ್ಟು, ಅಂದರೆ ಐದು ಗಂಟೆ ಹಿಡಿಯಿರಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸುಮಾರು ಸಂಜೆ 6ಕ್ಕೆ. 5ರೊಳಗೆ ಕೆಳಗಿರಬೇಕು, ಬೆಳಗ್ಗೆ 7ಕ್ಕೆ ಹತ್ತಲು ಶುರುಮಾಡಿದ್ದೀರಿ ಎಂದಾದರೆ, ಹೋದ ದಾರಿಯಲ್ಲೇ ಬರುವವರು 12ಕ್ಕೆ ತಿರುಗಲೇಬೇಕು. ಇಳಿಯುವುದು ಬೇಗ ಆಗುತ್ತದೆ ಎಂದು ನಂಬಬೇಡಿ. ದಣಿದ ಮೊಣಕಾಲು, ಕಾಲಡಿ ಜಾರುವ ನೊರಜುಗಲ್ಲು ಎರಡೂ ಸೇರುವುದು ಇಳಿಜಾರಿನಲ್ಲೇ.

ಮಧ್ಯಾಹ್ನದ ಗಡಿಗೆ ಬೇರೆ ಕಾರಣಗಳೂ ಇವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೋಳು ನೆತ್ತಿಯ ಮೇಲೆ ಒಬ್ಬರೇ ನಿಂತವರಿಗೆ ಸಿಡಿಲಿನಿಂದ ಮರೆಯಿಲ್ಲ. ನಮ್ಮ ಒಣ ಸೀಮೆಯ ಬಂಡೆಬೆಟ್ಟಗಳಲ್ಲಿ ಕರಡಿ ಹಗಲು ಕಲ್ಲುಗವಿಯಲ್ಲಿ ಮಲಗಿ, ಸಂಜೆಗೆ ಮೇವಿಗೆ ಹೊರಡುತ್ತದೆ. ಅದರ ಹೊತ್ತಿಗೆ ಅಡ್ಡ ಹೋಗದಿರುವುದೇ ಜಾಣತನ. ಎತ್ತರ ಹೆಚ್ಚಿದಂತೆ ತಂಪಾಗುತ್ತದೆ ಎಂಬ ಲೆಕ್ಕಾಚಾರವೂ ಇಲ್ಲಿ ಕೈಕೊಡುತ್ತದೆ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುವುದಾದರೆ 200 ಮೀಟರಿನ ಗುಡ್ಡದಲ್ಲಿ ಸಿಗುವ ತಂಪು ಒಂದೇಕಾಲು ಡಿಗ್ರಿ ಮಾತ್ರ, ಕಾದ ಬಂಡೆ ಅದನ್ನೂ ನುಂಗಿಬಿಡುತ್ತದೆ. ನಾಲ್ಕು ಲೀಟರ್ ನೀರು ಹೊರಿ. ಅರ್ಧ ಖಾಲಿಯಾದರೆ, ಗಂಟೆ 12 ಆಗದಿದ್ದರೂ ತಿರುಗಿ. ಬುತ್ತಿಗೆ ಚಪಾತಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ ಸಾಕು. ಮಂಡಕ್ಕಿ-ಮಿರ್ಚಿ ಬಾಯಾರಿಸುತ್ತದೆ, ಊರಿಗೆ ಬಂದ ಮೇಲೆ ತಿನ್ನಿ.

ಹೊರಡುವ ಹಿಂದಿನ ರಾತ್ರಿ ಒಂದು ಚೀಟಿ ಬರೆದು ಮನೆಯವರ ಕೈಗೆ ಕೊಡಿ. ಹತ್ತುವ ಜಾಗ, ಇಳಿಯುವ ಜಾಗ, ನಡುವೆ ಸಿಗುವ ರಸ್ತೆ ಅಥವಾ ಊರು, ತಿರುಗುವ ಹೊತ್ತು, ಅಂಗಿಯ ಬಣ್ಣ. ಕೊನೆಯ ಸಾಲಿನಲ್ಲಿ 'ಸಂಜೆ 7ರೊಳಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಿ'. ಹುಡುಕುವವರು ಎಲ್ಲಿಂದ ಶುರುಮಾಡಬೇಕು ಎಂಬುದು ಈ ಚೀಟಿಯಿಂದ ತಿಳಿಯುತ್ತದೆ. ಬರೆದ ದಾರಿಯನ್ನು ನಡುವೆ ಬದಲಿಸಿದರೆ ಅದು ಕೆಲಸಕ್ಕೆ ಬಾರದು.

ಮೊಬೈಲಿನಲ್ಲಿ ನಕ್ಷೆ ಇರುವಾಗ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಪವರ್ ಬ್ಯಾಂಕ್ ಒಯ್ಯಿರಿ. ಆದರೆ ಮೊಬೈಲ್ ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು. ಕಾಲಲ್ಲಿ ಎಷ್ಟು ಕಸುವು ಉಳಿದಿದೆ ಎಂಬುದನ್ನಲ್ಲ. ಒಬ್ಬರೇ ಹೋಗುವುದೇ ತಪ್ಪು, ಗುಂಪು ಕಟ್ಟಿಕೊಂಡು ಹೋಗಿ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಕಾಲು ಉಳುಕಿದರೆ ಇನ್ನೊಬ್ಬರ ಹೆಗಲು ಬೇಕು, ನಿಜ. ಆದರೆ ಗುಂಪಿನಲ್ಲಿ 'ಇನ್ನೊಂದು ಶಿಖರ ನೋಡಿಬಿಡೋಣ' ಎನ್ನುವವರೂ ಇರುತ್ತಾರೆ, ಬೇಡ ಎನ್ನಲು ಉಳಿದವರಿಗೆ ಸಂಕೋಚ. ಒಬ್ಬರೇ ಇದ್ದಾಗ ಆ ಒತ್ತಡವಿಲ್ಲ. ಅನುಭವವಿಲ್ಲದವರು ಮಾತ್ರ ಒಮ್ಮೆಗೇ ದೊಡ್ಡ ಸಾಲಿಗೆ ಕೈಹಾಕಬಾರದು. ಮೊದಲು ಕೊಂಡಜ್ಜಿಯಲ್ಲಿ ಅರ್ಧ ದಿನ, ಆಮೇಲೆ ಭಕ್ತರ ಓಡಾಟವಿರುವ ಉಚ್ಚಂಗಿದುರ್ಗ, ಅನಂತರ ಚಿತ್ರದುರ್ಗದ ಕೋಟೆಯ ಏರಿಳಿತ. ಪ್ರತಿ ಸಲವೂ ಅಂದಾಜಿನ ಸಮಯ, ಹಿಡಿದ ಸಮಯ ಎರಡನ್ನೂ ಬರೆದಿಡಿ. ಅವೆರಡೂ ಹತ್ತಿರ ಬಂದಾಗ ಚಂದ್ರದ್ರೋಣದ ಯೋಚನೆ ಮಾಡಿ.

ಅಲ್ಲಿಗೆ ಹೊರಡುವ ಮುನ್ನ ಅರಣ್ಯ ಇಲಾಖೆ, ಜಿಲ್ಲಾಡಳಿತದ ಆ ಹೊತ್ತಿನ ನಿಯಮ ವಿಚಾರಿಸಿ. ಮಾರ್ಗದರ್ಶಕರು ಕಡ್ಡಾಯ ಎಂದಿರುವ ಕಡೆ ಒಂಟಿ ನಡಿಗೆಯ ಹಟ ಬೇಡ. ದಾವಣಗೆರೆಯಿಂದ ಬೆಳಗ್ಗೆ ಬಸ್ ಹತ್ತಿದರೆ ಚಿಕ್ಕಮಗಳೂರು ಮುಟ್ಟುವಷ್ಟರಲ್ಲೇ ಹತ್ತುವ ಹೊತ್ತು ಮೀರಿರುತ್ತದೆ. ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.