ಎಂಟುನೂರರ ಮೊಲ, ನಲವತ್ತೆರಡು ಸಾವಿರದ ಬಿಲ್ಲು

ನಮ್ಮ ಮೊಲದ ಆಪರೇಷನ್ ಬಿಲ್ಲಿನಲ್ಲಿ ಎಲ್ಲಕ್ಕಿಂತ ಚಿಕ್ಕ ಮೊತ್ತ ಇದ್ದದ್ದು ಸಕ್ಕರೆ ಪರೀಕ್ಷೆಯ ಮುಂದೆ: 100 ರೂಪಾಯಿ. ಅಪ್ಪ ಬೆಳಿಗ್ಗೆ ಬೆರಳು ಚುಚ್ಚಿಕೊಂಡು ನೋಡುವ ಅದೇ ಗ್ಲುಕೋಮೀಟರ್, ಅದೇ ಪಟ್ಟಿ. ಡಾಕ್ಟರು ಚಿಗಳಿಯ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಪಟ್ಟಿಗೆ ಮುಟ್ಟಿಸಿ, ಯಂತ್ರವನ್ನು ನನ್ನ ಕಡೆ ಹಿಡಿದರು. 400 ದಾಟಿತ್ತು.

"ಮೊಲಕ್ಕೂ ಶುಗರ್ ಬರುತ್ತಾ ಡಾಕ್ಟ್ರೇ?" ಅಂದೆ.

"ಶುಗರ್ ಅಲ್ಲ ಮೇಡಂ. ಕರುಳು ಕಟ್ಟಿಕೊಂಡಿರೋ ಹಾಗಿದೆ."

ಮೇವು ಬಿಟ್ಟು ಮೂಲೆಯಲ್ಲಿ ಮುದುಡಿ ಕೂತ ಮೊಲದ ಹೊಟ್ಟೆಯಲ್ಲಿ ಎರಡರಲ್ಲಿ ಒಂದು ನಡೆದಿರಬಹುದು. ಕರುಳಿನ ಚಲನೆ ಮಂದವಾಗಿದ್ದರೆ ಡ್ರಿಪ್ಪು, ನೋವಿನ ಔಷಧಿ, ಸಿರಿಂಜಿನಲ್ಲಿ ಆಹಾರ. ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಏನಾದರೂ ಅಡ್ಡ ಸಿಕ್ಕಿಕೊಂಡಿದ್ದರೆ ಅದೇ ಚಿಕಿತ್ಸೆಗೆ ಸುರಿದ ದುಡ್ಡೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಹಾರ್ಕೋರ್ಟ್-ಬ್ರೌನ್ ಮತ್ತು ಅವರ ಸಹಲೇಖಕರು 900ಕ್ಕೂ ಹೆಚ್ಚು ಮೊಲಗಳ ರಕ್ತ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೊಂದಲಕ್ಕೆ ಅಗ್ಗದ ದಾರಿಯೊಂದನ್ನು ತೋರಿಸಿತು. ಕರುಳು ಮಂದವಾದ ಮೊಲಗಳಲ್ಲಿ ಸಕ್ಕರೆ ಸರಾಸರಿ 150ರ ಆಸುಪಾಸಿನಲ್ಲಿದ್ದರೆ, ಕಟ್ಟಿಕೊಂಡವುಗಳಲ್ಲಿ 445ರ ಆಸುಪಾಸು. ನಮ್ಮಲ್ಲಿ ಆಮೇಲೆ ಎಕ್ಸ್‌ರೇಯೂ ಅದನ್ನೇ ಹೇಳಿತು: ಜಠರ ಗಾಳಿ ಮತ್ತು ನೀರು ತುಂಬಿ ಊದಿತ್ತು. ಮೊಲ ಮೈ ನೆಕ್ಕಿಕೊಳ್ಳುವಾಗ ಕೂದಲು ನುಂಗುತ್ತದೆ, ಆದರೆ ವಾಂತಿ ಮಾಡಲು ಅದಕ್ಕೆ ಬಾರದು. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು.

ರಾತ್ರಿ ಹನ್ನೊಂದರ ಮೇಲೆ ಕೈಗೆ ಬಂದ ಅಂದಾಜಿನ ಕಾಗದದಲ್ಲಿ 32,000 ರೂಪಾಯಿ ಇತ್ತು. ಎಲ್ಲ ಮುಗಿದಾಗ ಖರ್ಚಾದದ್ದು 42,000. ಯಾರೂ ಮೋಸ ಮಾಡಲಿಲ್ಲ. ಅಂದಾಜು ಹೊಲಿಗೆ ಹಾಕುವವರೆಗಿನದು, ಉಳಿದ ಹತ್ತು ಸಾವಿರ ಚೇತರಿಕೆಯದು. ಈ ವಾರ ಮಾತಾಡಬೇಕಾದದ್ದು ಆ ಹತ್ತು ಸಾವಿರದ ಬಗ್ಗೆಯೇ. ಅದಕ್ಕೆ ಮೊದಲು ಮೂವತ್ತೆರಡರ ಕಥೆ ಚುಟುಕಾಗಿ ಮುಗಿಸುತ್ತೇನೆ.

ಸಹಿ ಹಾಕುವ ಮುಂಚೆ ಡಾಕ್ಟರು ಅಪಾಯ ಬಿಡಿಸಿ ಹೇಳಿದರು. ಬ್ರಿಟನ್ನಿನಲ್ಲೇ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಮೊಲಗಳಲ್ಲಿ ಶೇ. 1.39, ಮೊದಲೇ ಕಾಯಿಲೆ ಬಿದ್ದ ಮೊಲಗಳಲ್ಲಿ ಶೇ. 7ಕ್ಕೂ ಮೇಲೆ. ಅಂದರೆ ಹಣ ಕೊಟ್ಟೂ ಖಾಲಿ ಬುಟ್ಟಿ ಹಿಡಿದು ಮನೆಗೆ ಬರಬೇಕಾಗಬಹುದು. ನಮ್ಮವರು "ಎಷ್ಟಾದರೂ ಆಗಲಿ" ಅಂದರು. ನಾನು 50,000ಕ್ಕೆ ಗೆರೆ ಎಳೆದೆ. ಎರಡನೇ ಸಲ ಹೊಟ್ಟೆ ಕೊಯ್ಯಬೇಕಾಗಿ ಬಂದರೆ ಕೊಯ್ಯುವುದು ಬೇಡ, ನೋವಿಲ್ಲದೆ ಕಳಿಸಿಕೊಡಿ ಎಂದೂ ಹೇಳಿದೆ. "ಇವಳು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂದು ಅವರು ಗೊಣಗಿದರು. ಅಷ್ಟು ಹೊತ್ತಿನಲ್ಲೂ ಡಾಕ್ಟರಿಗೆ ನಗು ಬಂತು. ಮಿತಿ ಹಾಕುವುದು ಪ್ರೀತಿ ಕಮ್ಮಿ ಅನ್ನುವುದರ ಗುರುತಲ್ಲ. ಆಪರೇಷನ್ ಬೇಡ ಎಂದು ಮೊದಲೇ ತೀರ್ಮಾನಿಸುವವರನ್ನೂ ಕಲ್ಲೆದೆಯವರೆಂದು ಕರೆಯಲು ನಾನು ತಯಾರಿಲ್ಲ.

ಮುಂಗಡ ಕೊಟ್ಟದ್ದು ಲಿಕ್ವಿಡ್ ಫಂಡಿನಿಂದ. ಇಂಥ ಫಂಡುಗಳಲ್ಲಿ ತಕ್ಷಣ ಹಣ ವಾಪಸ್ ಪಡೆಯುವ ಸೌಲಭ್ಯವನ್ನು ಸೆಬಿ 2017ರಲ್ಲಿ ಒಪ್ಪಿದೆ: ದಿನಕ್ಕೆ 50,000 ರೂಪಾಯಿ ಅಥವಾ ನಿಮ್ಮ ಹೂಡಿಕೆಯ ಶೇ. 90, ಯಾವುದು ಕಡಿಮೆಯೋ ಅದು. ಎಲ್ಲ ಕಂಪನಿಗಳೂ ಇದನ್ನು ಕೊಡುವುದಿಲ್ಲ, ಮೊದಲೇ ನೋಡಿಕೊಳ್ಳಿ. ಕೌಂಟರಿನ ಹುಡುಗ ಕ್ರೆಡಿಟ್ ಕಾರ್ಡ್ ಕಂತಿನ ಆಸೆ ತೋರಿಸಿದ. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಬೀಳುವ ಆ ದಾರಿಗೆ, ಕಾಲಡಿ ಬೇರೆ ನೆಲವೇ ಇಲ್ಲದಿದ್ದರೆ ಮಾತ್ರ ಇಳಿಯಬೇಕು. ಅಂದಹಾಗೆ, ಪಶುವೈದ್ಯ ಚಿಕಿತ್ಸಾಲಯ ಪ್ರಾಣಿಗಳಿಗೆ ಕೊಡುವ ಆರೋಗ್ಯ ಸೇವೆಗೆ ಜಿಎಸ್‌ಟಿ ಇಲ್ಲ. ಆಪರೇಷನ್ ಶುಲ್ಕದ ಕೆಳಗೆ ತೆರಿಗೆ ಕಂಡರೆ ಕೇಳಿ.

ವಿಮೆ? ನಾನು ಓದಿದ ಸಾಕುಪ್ರಾಣಿ ಪಾಲಿಸಿಗಳೆಲ್ಲ ನಾಯಿ, ಬೆಕ್ಕಿನ ಹತ್ತಿರ ಬಂದು ನಿಲ್ಲುತ್ತವೆ. ತಮಾಷೆಯೆಂದರೆ ಸರ್ಕಾರಕ್ಕೆ ಮೊಲ ಗೊತ್ತು. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮಾ ಯೋಜನೆಯಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ಹಂದಿಯ ಜೊತೆ ಮೊಲದ ಹೆಸರೂ ಇದೆ. ಆದರೆ ಅದು ಸಾಕಣೆದಾರರಿಗೆ, ಪ್ರಾಣಿ ಸತ್ತಾಗ, ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ. ಚಿಗಳಿಯನ್ನು ಶಿವಾಜಿನಗರದಲ್ಲಿ ಕೊಂಡದ್ದು 800 ರೂಪಾಯಿಗೆ. ಅದು ಸತ್ತರೆ 800, ಬದುಕಿಸಿದರೆ ಏನೂ ಇಲ್ಲ!

ಕರುಳು ಸೀಳಿ ತೆಗೆದ ಕೂದಲಿನ ಉಂಡೆ ಹುಣಸೆಬೀಜಕ್ಕಿಂತ ತುಸು ದೊಡ್ಡದಿತ್ತು. ಆಮೇಲೆ ಶುರುವಾಯಿತು ನಿಜವಾದ ಖರ್ಚು.

ಮೊದಲ ಪ್ರಶ್ನೆ, ಎಲ್ಲಿ ಮಲಗಿಸುವುದು? ಒಳರೋಗಿಯಾಗಿ ಇಟ್ಟುಕೊಳ್ಳಲು ರಾತ್ರಿಗೆ 2,000 ರೂಪಾಯಿ. "ರಾತ್ರಿ ಯಾರಿರ್ತಾರೆ?" ಎಂದು ಕೇಳಿದೆ. ಮೊದಲ ರಾತ್ರಿ ಡಾಕ್ಟರು ಇರುತ್ತಾರೆ, ಆಮೇಲೆ ಕಾವಲಿನವರು ಮಾತ್ರ ಅಂದರು. ಮರೆಮಾಚದೆ ಹೇಳಿದ್ದಕ್ಕೆ ಅವರಿಗೆ ನಮಸ್ಕಾರ. ಪಕ್ಕದ ಗೂಡುಗಳಲ್ಲಿ ನಾಯಿ ಬೊಗಳುತ್ತಿದ್ದವು. ಮೊಲ ಬೇಟೆಗೆ ಸಿಗುವ ಪ್ರಾಣಿ. ಹೆದರಿದರೆ ಅದರ ಕರುಳು ಮತ್ತೆ ಸ್ತಬ್ಧವಾಗುತ್ತದೆ. ಡ್ರಿಪ್ಪು ಕಳಚಿದ ಕೂಡಲೇ, ಡಾಕ್ಟರ ಒಪ್ಪಿಗೆ ಪಡೆದು, ಮನೆಗೆ ತಂದೆವು. ಉಳಿಸಿದ ದುಡ್ಡಿಗೆ ಬದಲಾಗಿ ಕೊಟ್ಟದ್ದು ನಮ್ಮ ನಿದ್ದೆ ಮತ್ತು ನಮ್ಮವರ ರಜೆ. ಅದನ್ನೂ ಖರ್ಚಿನ ಪುಸ್ತಕದಲ್ಲಿ ಬರೆದಿದ್ದೇನೆ, ಮೊತ್ತ ಹಾಕದೆ.

ಎರಡನೆಯದು ಔಷಧಿ. ಯಾವ ಸಾಲಿಗೂ ಕತ್ತರಿ ಹಾಕಿ, ನೋವಿನ ಔಷಧಿಗೆ ಬೇಡ. ನೋವಿದ್ದರೆ ಮೊಲ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ಓಡುವುದಿಲ್ಲ, ಮೂವತ್ತೆರಡು ಸಾವಿರದ ಕೆಲಸ ನೀರುಪಾಲು. ಮೆಲಾಕ್ಸಿಕ್ಯಾಮ್ ದುಬಾರಿಯದೂ ಅಲ್ಲ. ಹಾಗೆಯೇ, ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಯಿಂದ ಉಳಿತಾಯ ಮಾಡಲು ಹೋಗಬೇಡಿ. ಹಿತೈಷಿಯೊಬ್ಬರು ಅಮಾಕ್ಸಿಸಿಲಿನ್ ಸೂಚಿಸಿದ್ದರು. ನಮಗೆ ಸಾಧುವಾದ ಆ ಮಾತ್ರೆ ಬಾಯಿ ಮೂಲಕ ಮೊಲದ ಹೊಟ್ಟೆ ಸೇರಿದರೆ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣಕ್ಕೇ ಕುತ್ತಾಗಬಹುದು.

ಕತ್ತರಿ ಹಾಕಬಹುದಾದ ಜಾಗಗಳೂ ಇದ್ದವು. ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಅಂಗಡಿಯಲ್ಲಿ 400 ರೂಪಾಯಿ. ಡಾಕ್ಟರು ಬೇಡವೆಂದರು. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು ಪೋಷಕಾಂಶ ಪಡೆಯುತ್ತದೆ, ಪಟ್ಟಿ ಅದಕ್ಕೆ ಅಡ್ಡಿ. ಮಗಳ ಹಳೆಯ ಬನಿಯನ್ನಿನ ತುಂಡು ಹೊಟ್ಟೆಗೆ ಅಂಗಿಯಾಯಿತು. ಸಿರಿಂಜಿನಲ್ಲಿ ಕೊಡುವ ಆಮದು ಪುಡಿಯನ್ನು ಮೊದಲ ದಿನಗಳಿಗೆ ಮಾತ್ರ ಕೊಂಡೆವು. ಆಮೇಲೆ ಮಾಮೂಲಿ ಪೆಲೆಟ್ ನೆನೆಸಿ, ಅರೆದು, ಸೋಸಿ ಕೊಡಲು ಡಾಕ್ಟರೇ ಹೇಳಿಕೊಟ್ಟರು. ಟಿಮೊಥಿ ಹುಲ್ಲಿನ ಪೊಟ್ಟಣದ ಬೆಲೆ ನೋಡಿದ ಮೇಲೆ ಗರಿಕೆಯ ಮೇಲೆ ಭಕ್ತಿ ಹೆಚ್ಚಿತು. ಗಣಪನಿಗೆ ಪ್ರಿಯವಾದದ್ದು ಚಿಗಳಿಗೂ ಪ್ರಿಯವೇ, ಔಷಧಿ ಸಿಂಪಡಿಸಿದ ಜಾಗದ್ದಾಗಿರಬಾರದು ಅಷ್ಟೆ.

ಗರಿಕೆ ತಂದುಕೊಡುತ್ತಿದ್ದವರು ಮನೆಗೆಲಸಕ್ಕೆ ಬರುವವರು. ದಿನಕ್ಕೆ 30 ರೂಪಾಯಿ ಕೊಡುತ್ತೇನೆ ಅಂದೆ, 50 ಅಂದರು, ಕೊಟ್ಟೆ. ಒಟ್ಟು ಎಷ್ಟಾಯಿತು ಎಂದು ಅವರು ಕೇಳಿದಾಗ ಸುಳ್ಳು ಹೇಳಲಿಲ್ಲ. "ಅಷ್ಟಕ್ಕೆ ನಮ್ಮೂರಲ್ಲಿ ನಾಲ್ಕು ಮೇಕೆ ಬರ್ತಿದ್ವಲ್ಲಕ್ಕಾ" ಅಂದರು. ಅವರ ಲೆಕ್ಕ ಸರಿಯಾಗಿತ್ತು. ನನ್ನ ಬಳಿ ಇದಕ್ಕೆ ಉತ್ತರವಿಲ್ಲ. ಮೊಲ ಇನ್ನೂ ಐದು ವರ್ಷ ಬದುಕಿದರೆ ತಿಂಗಳಿಗೆ 700 ರೂಪಾಯಿ ಮಾತ್ರ ಬಿತ್ತು ಎಂದು ಭಾಗಿಸಿ ಸಮಾಧಾನ ಮಾಡಿಕೊಳ್ಳಬಹುದು, ಆದರೆ ಆ ಗಣಿತ ನನಗೆ ಹಿಡಿಸದು. ಮೊಬೈಲ್ ಮಾರುವವರೂ ಅದನ್ನೇ ಹೇಳುತ್ತಾರೆ. ಖರ್ಚು ಮಾಡಿದ್ದು ಮನಸ್ಸಿಗಾಗಿ. ಅದನ್ನು ಹೂಡಿಕೆ ಎಂದು ಕರೆಯುವ ಅಗತ್ಯವಿಲ್ಲ.

ಹೊಟ್ಟೆ ಕೊಯ್ದ ಮೊಲ ಗೆದ್ದಿತೋ ಇಲ್ಲವೋ ಎಂಬುದನ್ನು ಹೇಳುವುದು ಹಿಕ್ಕೆ. ಮೊದಲು ಸಾಸಿವೆಯಷ್ಟು ಸಣ್ಣದು, ಅದೂ ಅಂಕುಡೊಂಕು. ಬರಬರುತ್ತ ದುಂಡಗೆ, ದಪ್ಪಗೆ. ಮಗಳು ಅದನ್ನು ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಸಂಬಳದ ದಿನ ಬ್ಯಾಂಕಿನ ಸಂದೇಶ ಬಂದಾಗಲೂ ನಮ್ಮ ಮನೆಯಲ್ಲಿ ಅಷ್ಟು ಸಂಭ್ರಮ ಕಂಡಿಲ್ಲ. ಆಪರೇಷನ್ನಿನ ನಂತರ ಕರುಳು ಒಳಗೊಳಗೇ ಅಂಟಿಕೊಳ್ಳುವ ಸ್ವಭಾವ ಮೊಲಗಳಲ್ಲಿ ಹೆಚ್ಚು, ಹಾಗಾಗಿ ಅಪಾಯ ಪೂರ್ತಿ ಕಳೆದಿಲ್ಲ.

ಈಗ ಸಂಬಳ ಬಂದ ದಿನ 1,500 ರೂಪಾಯಿ ತಾನಾಗಿ ಅದೇ ಲಿಕ್ವಿಡ್ ಫಂಡಿಗೆ ಹೋಗುತ್ತದೆ, ಮನೆಯವರ ತುರ್ತು ನಿಧಿಗೆ ತಾಗದ ಹಾಗೆ ಬೇರೆ ಫೋಲಿಯೋದಲ್ಲಿ. ಗುರಿ 50,000, ಆಮೇಲೆ ನಿಲ್ಲಿಸುತ್ತೇನೆ. ಮೊಲ ಒಂಟಿಯಾಗಿರಬಾರದು, ಜೊತೆ ಬೇಕು ಎಂದು ಎಲ್ಲೋ ಓದಿ ಬಂದ ಮಗಳು, ಎರಡು ಮೊಲ ಒಟ್ಟಿಗೆ ಕಾಯಿಲೆ ಬೀಳುವುದು ಅಪರೂಪ, ಆದ್ದರಿಂದ ಇದೇ ನಿಧಿ ಇಬ್ಬರಿಗೂ ಸಾಕು ಎಂದು ವಾದಿಸುತ್ತಿದ್ದಾಳೆ. ವಿಮಾ ಕಂಪನಿಗಳು ನಡೆಯುವುದೂ ಇದೇ ತರ್ಕದ ಮೇಲೆ, ತೆಗೆದುಹಾಕುವುದು ಕಷ್ಟ. ನಿಧಿ ತುಂಬಲಿ, ಆಮೇಲೆ ನೋಡೋಣ ಎಂದಿದ್ದೇನೆ. ಅವಳು ತನ್ನ ಹುಟ್ಟುಹಬ್ಬದ ದುಡ್ಡನ್ನೂ ಅದಕ್ಕೇ ಹಾಕಿ, ರಸೀತಿ ಕೇಳಿದ್ದಾಳೆ.