ತೆಂಗಿನ ಕೆಂಪು ಮೂತಿ ಹುಳು: ವಾಸನೆಯ ಗುಟ್ಟು ಮತ್ತು ಗಣಕಯಂತ್ರ

ಅಣಶಿಯಂಥ ಕಾಡಂಚಿನ ಊರುಗಳಲ್ಲಿ ಹತ್ತಿಪ್ಪತ್ತು ತೆಂಗಿನ ಮರಗಳನ್ನು ನಂಬಿದ ಕುಟುಂಬಕ್ಕೆ ಒಂದು ಮರ ಸತ್ತರೂ ದೊಡ್ಡ ನಷ್ಟವೇ. ತೆಂಗನ್ನು ಕೊಲ್ಲುವ ಕೀಟಗಳಲ್ಲಿ ಕೆಂಪು ಮೂತಿ ಹುಳು ಮುಖ್ಯವಾದುದು. ೫ರಿಂದ ೨೦ ವರ್ಷದ ಮರಗಳಿಗೆ ಇದರ ಕಾಟ ಹೆಚ್ಚು. ಮರಿಹುಳುಗಳು ಕಾಂಡದ ಒಳಗಿದ್ದು ತಿರುಳನ್ನು ತಿನ್ನುವುದರಿಂದ ಬಾಧೆ ಬೇಗ ಕಣ್ಣಿಗೆ ಬೀಳದು. ಸುಳಿ ಬಾಡಿದ ಮೇಲೆ ಮರ ಉಳಿಯುವುದು ಕಷ್ಟ. ಆದುದರಿಂದ ಹುಳು ಮರವನ್ನು ಸೇರುವ ಮೊದಲೇ ತಡೆಯಬೇಕು. ಅದು ಬರುವುದು ವಾಸನೆಯ ಜಾಡು ಹಿಡಿದು.

ವಾಸನೆ ಒಯ್ಯುವ ಪ್ರೋಟೀನು

ಹುಳುವಿನ ಕುಡಿಮೀಸೆಯ ಮೇಲೆ ಅತಿ ಸಣ್ಣ ಕೂದಲುಗಳಿವೆ. ಅವುಗಳ ಒಳಗೆ ನೀರಿನಂಥ ದ್ರವವಿದೆ. ವಾಸನೆಯ ಕಣಗಳಾದರೋ ಬಹುಪಾಲು ಎಣ್ಣೆಯ ಗುಣದವು. ನೀರಿನಲ್ಲಿ ಸುಲಭವಾಗಿ ಬೆರೆಯವು. ಹೊಳೆ ದಾಟಿಸುವ ದೋಣಿಯಂತೆ, ಆ ದ್ರವದಲ್ಲಿರುವ ಪ್ರೋಟೀನು ವಾಸನೆಯ ಕಣವನ್ನು ತನ್ನ ಪೊಟರೆಯಲ್ಲಿ ಕೂರಿಸಿಕೊಂಡು ನರದ ಬಳಿಗೆ ಒಯ್ಯುತ್ತದೆ. ಇಂಥ ಪ್ರೋಟೀನನ್ನು ೧೯೮೧ರಲ್ಲಿ ವೋಗ್ಟ್ ಮತ್ತು ರಿಡಿಫೋರ್ಡ್ ಎಂಬ ವಿಜ್ಞಾನಿಗಳು ಅಮೆರಿಕದ ಒಂದು ಕಾಡು ರೇಷ್ಮೆ ಪತಂಗದಲ್ಲಿ ಗುರುತಿಸಿದರು. ನಮ್ಮ ರೈತರು ಸಾಕುವ ರೇಷ್ಮೆ ಹುಳುವಿನ ಇಂಥದೇ ಪ್ರೋಟೀನಿನ ಆಕಾರವು ೨೦೦೦ದಲ್ಲಿ ಕ್ಷ-ಕಿರಣಗಳ ನೆರವಿನಿಂದ ತಿಳಿದುಬಂತು.

ಗಣಕಯಂತ್ರದ ಕೆಲಸ

ಪ್ರೋಟೀನು ಮಣಿಸರವಿದ್ದಂತೆ, ಅಮೈನೋ ಆಮ್ಲಗಳೇ ಅದರ ಮಣಿಗಳು. ಮಣಿಗಳ ಕ್ರಮ ತಿಳಿದರೆ, ಸರ ಹೇಗೆ ಮಡಚಿಕೊಂಡು ಪೊಟರೆಯಾಗುತ್ತದೆ ಎಂಬುದನ್ನು ಗಣಕಯಂತ್ರ ಅಂದಾಜು ಮಾಡುತ್ತದೆ. ಈ ಬಗೆಯ ಕೆಲಸಕ್ಕೆ ೨೦೨೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಅರ್ಧ ಪಾಲು ಸಂದಿದೆ. ಬಳಿಕ ಯಂತ್ರವು ಒಂದೊಂದು ವಾಸನೆಯ ಕಣವನ್ನೂ ಹಲವು ಮಗ್ಗುಲಿನಿಂದ ಪೊಟರೆಯಲ್ಲಿ ಕೂರಿಸಿ, ಹಿಡಿತ ಬಿಗಿಯೋ ಸಡಿಲವೋ ಎಂದು ಲೆಕ್ಕ ಹಾಕುತ್ತದೆ. ನೂರಾರು ವಸ್ತುಗಳಲ್ಲಿ ಪರೀಕ್ಷೆಗೆ ತಕ್ಕ ಕೆಲವನ್ನು ಹೀಗೆ ಆರಿಸಬಹುದು.

ಆದರೆ ಬಿಗಿಯಾಗಿ ಕೂತ ಮಾತ್ರಕ್ಕೆ ಆ ವಾಸನೆ ಹುಳುವನ್ನು ಸೆಳೆಯುತ್ತದೆ ಎನ್ನಲಾಗದು, ದೂರ ಅಟ್ಟಲೂಬಹುದು. ಪ್ರಯೋಗಶಾಲೆ ಮತ್ತು ತೋಟದ ಪರೀಕ್ಷೆ ಬೇಕೇ ಬೇಕು. ಗಂಡು ಹುಳು ಹೊರಸೂಸುವ ಫೆರುಜಿನಿಯಾಲ್ ಎಂಬ ವಾಸನೆಗೆ ಗಂಡು, ಹೆಣ್ಣು ಎರಡೂ ಬರುತ್ತವೆ. ಹುಳುವಿನಲ್ಲಿ ಇಂಥ ಒಂದು ಪ್ರೋಟೀನಿನ ತಯಾರಿಕೆಯನ್ನು ತಡೆದಾಗ ಆ ಸೆಳೆತ ಕುಗ್ಗಿತೆಂದು ಸೌದಿ ಅರೇಬಿಯದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ತೋಟದಲ್ಲಿ ಅನುಸರಿಸಬೇಕಾದ ಕ್ರಮಗಳು

೧. ಫೆರುಜಿನಿಯಾಲ್ ಇರುವ ಮೋಹಕ ಬಲೆಯನ್ನು ಎರಡೂವರೆ ಎಕರೆಗೆ ಒಂದರಂತೆ ಇಡಿರಿ. ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಬೇರೆಯೇ ಮೋಹಕ ಬೇಕು. ಕೊಳ್ಳುವಾಗ ಕೇಳಿ ತಿಳಿಯಿರಿ.

೨. ಬಲೆಯ ಬಕೆಟ್ಟಿನಲ್ಲಿ ಸಾಬೂನಿನ ನೀರು, ಬಾಳೆಹಣ್ಣಿನ ಚೂರು ಇರಲಿ. ಬಿದ್ದ ಹುಳುಗಳನ್ನು ಆಗಾಗ ತೆಗೆದು ನಾಶಮಾಡಿರಿ.

೩. ಬಲೆಯನ್ನು ತೆಂಗಿನ ಮರಕ್ಕೆ ಕಟ್ಟಬೇಡಿರಿ. ವಾಸನೆಗೆ ಬಂದ ಹುಳುಗಳೆಲ್ಲ ಬಲೆಗೆ ಬೀಳುವುದಿಲ್ಲ. ಉಳಿದವು ಅದೇ ಮರವನ್ನು ಹೊಕ್ಕಾವು.

೪. ಮರದ ಗಾಯದ ವಾಸನೆಯೂ ಹುಳುವಿಗೆ ಕರೆಯೇ. ಹಸಿ ಗರಿ ಕಡಿಯಬೇಕಾದರೆ ಕಾಂಡದಿಂದ ನಾಲ್ಕು ಅಡಿ ಬಿಟ್ಟು ಕಡಿಯಿರಿ. ಕಾಂಡಕ್ಕೆ ಕತ್ತಿ ತಾಗಿಸಬೇಡಿರಿ.

೫. ಹುಳು ಬಿದ್ದು ಸತ್ತ ಮರವನ್ನು ಸೀಳಿ, ಬೆಂಕಿ ಕಾಡಿಗೆ ತಗಲದಂತೆ ಎಚ್ಚರ ವಹಿಸಿ ಸುಡಿರಿ.

ನೆರೆಹೊರೆಯ ತೋಟದವರೆಲ್ಲ ಕೂಡಿ ಈ ಕ್ರಮಗಳನ್ನು ಕೈಗೊಂಡರೆ ಪ್ರಯೋಜನ ಹೆಚ್ಚು.